ಎಂಬತ್ತನಾಲ್ಕು ಮನೆಯ ಪಟ್ಟಿ

ತಗ್ಗಿನಕೊಪ್ಪದ ಪಂಚಾಯಿತಿ ಮೆಂಬರ್ ತಿಪ್ಪೇರುದ್ರಪ್ಪನ ಕೈಗೆ ಮೈಕು ಸಿಕ್ಕಿತೆಂದರೆ ಸಭೆಯಲ್ಲಿದ್ದವರು ತಮ್ಮ ತಮ್ಮ ಚಪ್ಪಲಿ ಎಲ್ಲಿವೆ ಎಂದು ನೋಡಿಕೊಳ್ಳುತ್ತಿದ್ದರು. ಭಾಷಣ ಕೆಟ್ಟದಾಗಿತ್ತು ಎಂದಲ್ಲ, ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಚರಂಡಿಯ ವಿಷಯ ಬರಲಿ, ಬೀದಿದೀಪದ ವಿಷಯ ಬರಲಿ, ಅವನು ಸುತ್ತಿ ಬಳಸಿ ಶಾಲೆಗೇ ಬಂದು ನಿಲ್ಲುತ್ತಿದ್ದ. "ಶಾಲೆ ಸರ್ಕಾರದ್ದಲ್ಲ ಕಣ್ರೀ, ಊರಿಂದು. ಎಲ್ಲಾ ಕೇರಿ ಹುಡುಗ್ರು ಒಂದೇ ಸಾಲಿನಾಗೆ ಕುಂತು ಉಂಡು, ಒಂದೇ ಬೋರ್ಡ್ ನೋಡಿ ಅಕ್ಷರ ಕಲಿತ್ರೆ ಮುಂದೆ ಆ ಊರಾಗೆ ಜಗಳ ಇರಾಕಿಲ್ಲ" ಎನ್ನುತ್ತಿದ್ದ. ತಾನು ಎರಡು ಸಲ ಗೆದ್ದದ್ದು ಈ ಮಾತಿನಿಂದಲೇ ಎಂದು ಅವನ ನಂಬಿಕೆ. ಎದುರು ನಿಂತವರು ಅವನಿಗಿಂತ ಸೋಮಾರಿಗಳಾಗಿದ್ದರು ಎಂಬುದು ಊರಿನ ಅಭಿಪ್ರಾಯ.

ನಗುವವರು ನಗಲಿ, ಅವನು ಆ ಮಾತನ್ನು ಬರೀ ಬಾಯಿತುದಿಯಿಂದ ಆಡುತ್ತಿರಲಿಲ್ಲ. ಶೌಚಾಲಯದ ಬಾಗಿಲು ಕಳಚಿಕೊಂಡಾಗ ತಾನೇ ಸುತ್ತಿಗೆ ಮೊಳೆ ಹಿಡಿದು ಹೋಗಿ ಕೂರಿಸಿ ಬಂದಿದ್ದ. ವಾರಕ್ಕೊಂದು ದಿನ ಮಕ್ಕಳ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬಿಸಿಯೂಟ ಉಣ್ಣುತ್ತಿದ್ದ. ಸಾರು ನೀರಾಗಿದ್ದರೆ ಅಡುಗೆಯವರಿಗೆ ಅವತ್ತು ಗ್ರಹಚಾರ. ಐವತ್ತು ವರ್ಷದ ಹಿಂದೆ ತಾನು ಅಕ್ಷರ ತಿದ್ದಿದ ಆ ಎರಡು ಕೋಣೆಯ ಶಾಲೆಯೆಂದರೆ ಅವನಿಗೆ ಜೀವ.

ಆ ಶಾಲೆಗೇ ಈ ಜೂನ್ ತಿಂಗಳಲ್ಲಿ ಕುತ್ತು ಬಂತು. ಹೊನ್ನಾಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ನುಜಹತ್ ಟೀಚರ್ ಒಂದು ಕಾಗದ ತಂದು ಅವನ ಮುಂದಿಟ್ಟರು. ಐದು ತರಗತಿಗಳಿಂದ ಒಟ್ಟು ಉಳಿದಿದ್ದುದು ಆರು ಮಕ್ಕಳು. ತಿಂಗಳ ಕೊನೆಯೊಳಗೆ ಹತ್ತು ಆಗದಿದ್ದರೆ ಬಾಗಿಲು ಹಾಕಿ, ಇದ್ದವರನ್ನು ಮೂರು ಕಿಲೋಮೀಟರ್ ಆಚೆಯ ಕಲ್ಲುಗುಡ್ಡೆ ಶಾಲೆಗೆ ಸೇರಿಸುವುದೆಂದು ಅದರಲ್ಲಿತ್ತು.

"ನಾಲ್ಕು ಮಕ್ಕಳು ಬೇಕು ಸರ್. ನಾಲ್ಕೇ ನಾಲ್ಕು," ಎಂದರು ಟೀಚರ್. ಹನ್ನೊಂದು ವರ್ಷದಿಂದ ಆ ಶಾಲೆಯಲ್ಲಿದ್ದವರು ಅವರು.

"ನಾಲ್ಕಲ್ಲ ಟೀಚರೇ, ನಲವತ್ತು ತರ್ತೀನಿ. ಊರನ್ನ ಕರೆಯೋ ಹಂಗೆ ಕರೆದ್ರೆ ಯಾರು ಇಲ್ಲ ಅಂತಾರೆ?" ಎಂದ ತಿಪ್ಪೇರುದ್ರಪ್ಪ.

ತಗ್ಗಿನಕೊಪ್ಪದಲ್ಲಿ ಕರೆಯುವುದಕ್ಕೆ ಒಂದು ಕ್ರಮವಿತ್ತು. ಮದುವೆಯಾಗಲಿ, ಊರೂಟವಾಗಲಿ, ಹೊಸಲಿಗೆ ಹೋಗಿ ಎಲೆ ಅಡಿಕೆ ಕೊಟ್ಟು ಕರೆಯಬೇಕು. ಫೋನಿನಲ್ಲಿ ಹೇಳಿದ್ದು, ದಾರಿಯಲ್ಲಿ ಸಿಕ್ಕಾಗ ಹೇಳಿದ್ದು ಕರೆಯೇ ಅಲ್ಲ. ಯಾರ ಮನೆಯೂ ಬಿಟ್ಟುಹೋಗದಿರಲೆಂದು ಗುಡಿಯಲ್ಲಿ ಒಂದು ಪಟ್ಟಿ ಇಟ್ಟಿದ್ದರು. ಎಲ್ಲಾ ಜಾತಿಯವರೂ, ಗಾರೆ ಕೆಲಸದ ಇಲಿಯಾಸನ ಮನೆಯೂ ಸೇರಿ ಎಂಬತ್ತನಾಲ್ಕು ಮನೆ. ಇಂಥ ಪಟ್ಟಿ ಸುತ್ತ ಹತ್ತು ಹಳ್ಳಿಯಲ್ಲಿ ಇಲ್ಲವೆಂದು ತಿಪ್ಪೇರುದ್ರಪ್ಪನಿಗೆ ಬಹಳ ಹೆಮ್ಮೆ. ಅದರಲ್ಲಿ ಇಲ್ಲದವರನ್ನು ಕರೆಯಬಾರದೆಂದು ಯಾರೂ ಹೇಳಿರಲಿಲ್ಲ. ಕರೆಯಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ, ಅಷ್ಟೇ.

ಬುಟ್ಟಿಯಲ್ಲಿ ಎಲೆ ಅಡಿಕೆ ತುಂಬಿಕೊಂಡು ಅವನೂ ಟೀಚರೂ ಮೂರು ದಿನ ಊರು ಸುತ್ತಿದರು. ಕೊನೆಯ ಬೀದಿ ಮುಗಿದಾಗ ಟೀಚರ್ ಕೆರೆಯ ಆಚೆ ಕೈ ತೋರಿಸಿದರು. ಅಲ್ಲಿ ಕೋಳಿ ಫಾರಂ ಇತ್ತು. ಅದರ ಹಿಂದಿನ ಸಾಲುಮನೆಗಳಲ್ಲಿ ಜಗಳೂರು ಕಡೆಯಿಂದ ಬಂದ ನಾಲ್ಕು ಸಂಸಾರ ಮೂರು ವರ್ಷದಿಂದ ಇದ್ದವು.

"ಅಲ್ಲಿ ಐದು ಮಕ್ಕಳಿದ್ದಾರೆ ಸರ್. ದಿನಾ ಕಲ್ಲುಗುಡ್ಡೆ ಶಾಲೆಗೆ ನಡೆದು ಹೋಗ್ತಾರೆ. ಹಿಂದೆ ನಾನು ಹೋಗಿ ಕೇಳಿದ್ದೆ, ನನ್ನ ಮಾತಿಗೆ ಬರ್ಲಿಲ್ಲ. ನೀವು ಕರೆದ್ರೆ ಬರಬಹುದು."

"ಅವರು ಇವತ್ತು ಇದ್ದು ನಾಳೆ ಹೋಗೋರು ಟೀಚರೇ. ಪಟ್ಟಿ ಮುಗೀತಲ್ಲ, ಸಾಕು ಬಿಡ್ರಿ. ಊರಿನವರೇ ಬರ್ತಾರೆ," ಎಂದು ಅವನು ಖಾಲಿ ಬುಟ್ಟಿ ಕೊಡವಿದ.

ಊರಿನವರು ಎಲೆ ಅಡಿಕೆಯನ್ನೇನೋ ಎರಡೂ ಕೈಯಲ್ಲಿ ತೆಗೆದುಕೊಂಡಿದ್ದರು. ಮರುದಿನ ಸವಳಂಗದ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬಂದಾಗ ಅದೇ ಕೈಯಿಂದ ಮಕ್ಕಳನ್ನು ಎತ್ತಿ ಹತ್ತಿಸಿದರು. ಅದರ ಮರುದಿನವೂ ಹಾಗೇ ಆಯಿತು. ಶಾಲೆಯ ಮುಂದೆ ನಿಂತು ನೋಡುತ್ತಿದ್ದ ತಿಪ್ಪೇರುದ್ರಪ್ಪನಿಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ. ಇಲಿಯಾಸನನ್ನು ತಡೆದು ನಿಲ್ಲಿಸಿ ಕೇಳಿಯೇಬಿಟ್ಟ.

"ಏನೋ ಇಲಿಯಾಸ್, ಎಲೆ ಅಡಿಕೆ ತಗೊಂಡು ಹಿಂಗೆ ಮಾಡೋದಾ?"

ಇಲಿಯಾಸ್ ತಲೆ ತಗ್ಗಿಸಿದ. "ತಪ್ಪು ತಿಳ್ಕೋಬ್ಯಾಡ್ರಿ ರುದ್ರಣ್ಣ. ನಿಮ್ಮ ಮನೆ ಕೂಸೇ ಆ ವ್ಯಾನ್ ಹತ್ತತೈತೆ. ಮೆಂಬರ್ ಮನೆ ಕೂಸಿಗೆ ಬ್ಯಾಡಾದ ಶಾಲೆ ನನ್ನ ಮಕ್ಕಳಿಗೆ ಹೆಂಗೆ ಬೇಕಾಗ್ತೈತೆ ಹೇಳ್ರಿ? ಸಹನಾ ಬಂದ ದಿನ ನನ್ನವೆರಡೂ ಬರ್ತಾವೆ."

ಬೇರೆ ಯಾರಾದರೂ ಹೇಳಿದ್ದರೆ ತಿಪ್ಪೇರುದ್ರಪ್ಪ ಎಗರಾಡುತ್ತಿದ್ದ. ಆದರೆ ಇಲಿಯಾಸ್ ಮೆಲ್ಲಗೆ ಹೇಳಿದ್ದ, ಹೇಳಿದ್ದು ನಿಜವೂ ಆಗಿತ್ತು. ಸಹನಾ ಅವನ ಮೊಮ್ಮಗಳು, ಎರಡನೇ ಕ್ಲಾಸು. ಅವಳನ್ನು ವ್ಯಾನಿಗೆ ಹಾಕಿದಾಗ, ಅದು ಸೊಸೆಯ ತೀರ್ಮಾನ, ತನಗೇಕೆ ಎಂದು ಅವನು ಜಾರಿಕೊಂಡಿದ್ದ.

ಸೊಸೆ ಪ್ರೇಮಲತಾ ಸಂತೇಬೆನ್ನೂರಿನ ಹುಡುಗಿ, ಮಾತಿನಲ್ಲಿ ಸೋಲುವವಳಲ್ಲ. "ಮಾವಾರೇ, ನಿಮ್ಮ ಭಾಷಣಕ್ಕೆ ನನ್ನ ಮಗಳನ್ನ ಯಾಕೆ ಕೊಡ್ಲಿ?" ಎಂದಳು. ಅವನು ವಾದಿಸಲಿಲ್ಲ. ಎರಡು ದಿನ ಸುಮ್ಮನೆ ಪಡಸಾಲೆಯಲ್ಲಿ ಕೂತ. ತಾನು ಕಂಡ ದಿನದಿಂದ ಒಂದು ಗಳಿಗೆ ಬಾಯಿ ಮುಚ್ಚದ ಮಾವ ಹೀಗೆ ಕೂತದ್ದು ಕಂಡು ಅವಳಿಗೇ ಹೆದರಿಕೆಯಾಯಿತು. ಮೂರನೇ ದಿನ ಒಪ್ಪಿದಳು. "ಆದ್ರೆ ದಿನಾ ನೀವೇ ಕರ್ಕೊಂಡು ಹೋಗ್ಬೇಕು, ನೀವೇ ಕರ್ಕೊಂಡು ಬರ್ಬೇಕು."

ಸಹನಾ ಬಂದಳು. ಇಲಿಯಾಸ್ ಆಡಿದ ಮಾತು ಉಳಿಸಿಕೊಂಡು ಎರಡೂ ಮಕ್ಕಳನ್ನು ಕರೆತಂದ. ಒಂಬತ್ತಾಯಿತು. ಇನ್ನೊಂದು ಬೇಕು, ಉಳಿದಿರುವುದು ಎರಡು ದಿನ. ಎಂಬತ್ತನಾಲ್ಕು ಹೊಸಲನ್ನು ಅವನು ಮತ್ತೆ ತುಳಿದ. ಎಲ್ಲರೂ ಕಾಫಿ ಕೊಟ್ಟರು, ಮಗು ಕೊಡಲಿಲ್ಲ.

ಕೊನೆಗೆ ಅವನಿಗೆ ಫಾರಂ ನೆನಪಾಯಿತು. ಐದರಲ್ಲಿ ಒಂದು ಬಂದರೂ ಶಾಲೆ ಉಳಿಯುತ್ತದೆ. ಸಂಜೆ ಒಬ್ಬನೇ ಎಲೆ ಅಡಿಕೆ ಹಿಡಿದು ಕೆರೆ ಏರಿ ದಾಟಿ ಹೋದ. ಕೋಳಿಗಳ ಗಬ್ಬು ಏರಿಯ ಮೇಲೇ ಮೂಗಿಗೆ ಬಡಿಯುತ್ತಿತ್ತು. ಸಾಲುಮನೆಯ ಮುಂದೆ ಅವನದೇ ವಯಸ್ಸಿನ ಹೆಂಗಸೊಬ್ಬಳು ಕೋಳಿಗೆ ನೀರಿಡುವ ಡಬ್ಬಿಗಳನ್ನು ತೊಳೆಯುತ್ತಿದ್ದಳು. ಎಲ್ಲರೂ ದೊಡ್ಡಕ್ಕ ಎನ್ನುವ ಅವಳೇ ಆ ಸಂಸಾರಗಳಿಗೆಲ್ಲ ಹಿರಿಯಳು. ಅವಳ ಹಿಂದೆ ಕಟ್ಟೆಯ ಮೇಲೆ ಹತ್ತು ವರ್ಷದ ಹುಡುಗಿಯೊಬ್ಬಳು ಯೂನಿಫಾರಂ ಬಿಚ್ಚದೆ ಕೂತು, ಸುತ್ತ ನಾಲ್ಕು ಚಿಕ್ಕವರನ್ನು ಕೂರಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದಳು. ಅವಳು ದೊಡ್ಡಕ್ಕನ ಮೊಮ್ಮಗಳು ಹುಲಿಗೆಮ್ಮ.

ದೊಡ್ಡಕ್ಕ ಕೈ ಒರೆಸಿಕೊಂಡು ಚಾಪೆ ಹಾಕಿದಳು. ತಿಪ್ಪೇರುದ್ರಪ್ಪ ಎಲೆ ಅಡಿಕೆ ಮುಂದಿಟ್ಟು, ಬಂದ ವಿಷಯ ಹೇಳಿ, "ಒಂದು ಕೂಸು ಸಾಕು ಕಣಮ್ಮ, ನಮ್ಮೂರ ಶಾಲೆ ಉಳೀತೈತೆ. ಕಲ್ಲುಗುಡ್ಡೆಗೆ ನಡೆಯೋದೂ ತಪ್ಪತೈತೆ," ಎಂದ.

ದೊಡ್ಡಕ್ಕ ಎಲೆಯನ್ನು ಮುಟ್ಟಲಿಲ್ಲ.

"ನಾವು ಬಂದಿದ್ವಿ ಮೆಂಬರ್ರೇ," ಎಂದಳು. "ಈ ಊರಿಗೆ ಬಂದ ವರ್ಷಾನೇ ಬಂದಿದ್ವಿ. ಶಾಲೆ ಶುರುವಾಗೋ ದಿನ ತೋರಣ ಕಟ್ಟಿದ್ರಿ, ಸಿಹಿ ಊಟ ಮಾಡಿಸಿದ್ರಿ. ಇವಳಿಗಾಗ ಏಳು ವರ್ಷ. ತಲೆ ಬಾಚಿ, ಹೊಸ ಲಂಗ ಹಾಕಿ ಗೇಟಿನ ತಾವ ಕರ್ಕೊಂಡು ಬಂದು ನಿಂತಿದ್ದೆ. ನೀವು ಮೈಕಿನಾಗೆ ಪಟ್ಟಿ ಓದ್ತಿದ್ರಿ. ಒಂದೊಂದು ಮನೆ ಹೆಸರು ಕೂಗೋದು, ಆ ಮನೆ ಕೂಸಿಗೆ ಹೂವು ಕೊಟ್ಟು ಒಳಗೆ ಕರ್ಕೊಳ್ಳೋದು. 'ಅಜ್ಜಿ, ನನ್ನ ಹೆಸರು ಯಾವಾಗ ಕೂಗ್ತಾರೆ' ಅಂತ ಇದು ಕೇಳ್ತಾ ಇತ್ತು. ಈಗ ಕೂಗ್ತಾರೆ, ಈಗ ಕೂಗ್ತಾರೆ ಅಂದೆ. ಪಟ್ಟಿ ಮುಗೀತು."

ತಿಪ್ಪೇರುದ್ರಪ್ಪನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ತೋರಣ, ಹೂವು, ಚಪ್ಪಾಳೆ ಎಲ್ಲವೂ ನೆನಪಿದ್ದವು. ಗೇಟಿನ ಹೊರಗೆ ಯಾರೋ ನಿಂತಿದ್ದರೆಂಬುದು ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ.

"ಅಲ್ಲಮ್ಮ, ಒಳಗೆ ಬರಾಕೆ ಯಾರ ಅಪ್ಪಣೆ ಬೇಕು? ಸರ್ಕಾರಿ ಶಾಲೆ ಅಲ್ಲೇನು ಅದು?" ಎಂದ.

"ಸರ್ಕಾರದ್ದು ಅಂದಿದ್ರೆ ಬರ್ತಿದ್ವಿ ಕಣ್ರೀ. ಪಟ್ಟಿ ಮುಗಿದ ಮೇಲೆ ನೀವೇ ಹೇಳಿದ್ರಿ, ಶಾಲೆ ಸರ್ಕಾರದ್ದಲ್ಲ, ಊರಿಂದು ಅಂತ. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾವು ಊರಿನವರಲ್ಲ ಅಂತ ವಾಪಸ್ ಬಂದ್ವಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಹದಿನೈದು ವರ್ಷ ಆಡಿಕೊಂಡು ಬಂದ ಮಾತು, ತನ್ನ ಬಾಯಿಂದ ಹೊರಟ ಅತ್ಯಂತ ಒಳ್ಳೆಯ ಮಾತೆಂದು ನಂಬಿದ್ದು, ಏಳು ವರ್ಷದ ಕೂಸಿನ ಮುಖಕ್ಕೆ ಬಾಗಿಲು ಹಾಕಿತ್ತು. ತಿಪ್ಪೇರುದ್ರಪ್ಪನಿಗೆ ನಾಚಿಕೆಯಾಯಿತು. ಕಟ್ಟೆಯ ಮೇಲಿದ್ದ ಹುಡುಗಿಯತ್ತ ನೋಡಲು ಧೈರ್ಯ ಬರಲಿಲ್ಲ.

"ಕಲ್ಲುಗುಡ್ಡೆ ಮೇಷ್ಟ್ರು ಆ ವಾರವೇ ಇಲ್ಲಿಗೆ ಬಂದ್ರು," ದೊಡ್ಡಕ್ಕ ಮುಂದುವರಿಸಿದಳು. "ಇದೇ ಚಾಪೆ ಮೇಲೆ ಕುಂತು, ನಿಮ್ಮ ಹುಡುಗ್ರನ್ನ ಕಳಿಸ್ರಿ ಅಂದ್ರು. ನಡೆದು ನಡೆದು ಕಾಲು ನೋಯಿಸ್ಕೊಂಡ್ರೂ ಒಂದು ದಿನ ತಪ್ಪಿಸಿಲ್ಲ ಇವು. ಅವರನ್ನ ಬಿಟ್ಟು ಹೆಂಗೆ ಬರೋದು? ನಿಮಗೆ ಒಂದು ತಲೆ ಕಡಿಮೆ ಬಿದ್ದೈತೆ ಅಂತ ಬಂದಿದ್ದೀರಿ. ಬೇಜಾರು ಮಾಡ್ಕೋಬ್ಯಾಡ್ರಿ, ಕೂಸನ್ನ ಕೊಡಾಕೆ ಆಗಾಕಿಲ್ಲ."

"ತಪ್ಪಾತು ತಾಯಿ," ಎಂದ ತಿಪ್ಪೇರುದ್ರಪ್ಪ. ಭಾಷಣಕಾರನ ಬಾಯಿಂದ ಹೊರಟದ್ದು ಅಷ್ಟೇ.

ಅವನು ಏಳುವಾಗ ದೊಡ್ಡಕ್ಕ ಎಲೆ ಅಡಿಕೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಮನೆ ಬಾಗಿಲಿಗೆ ಬಂದದ್ದನ್ನು ಬೇಡ ಎನ್ನುವುದು ಅವಳಿಗೂ ಆಗಲಿಲ್ಲ.

ಮೂವತ್ತನೇ ತಾರೀಖು ಒಂಬತ್ತೇ ಮಕ್ಕಳು ಉಳಿದರು. ನುಜಹತ್ ಟೀಚರ್ ಹಾಜರಿ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಬಾಗಿಲಿಗೆ ಬೀಗ ಹಾಕುವಾಗ ಅಳುತ್ತಿದ್ದರು. ಮರುದಿನ ಬೆಳಿಗ್ಗೆ ಪ್ರೇಮಲತಾ ಮಗಳನ್ನು ಮತ್ತೆ ವ್ಯಾನಿಗೆ ಕಳಿಸಲು ಹೊರಟಳು. "ಬ್ಯಾಡ ಕಣವ್ವ. ಇದೊಂದು ವರ್ಷ ಕಲ್ಲುಗುಡ್ಡೆಗೇ ಹೋಗ್ಲಿ. ನಾನೇ ಕರ್ಕೊಂಡು ಹೋಗಿ ಬರ್ತೀನಿ," ಎಂದ ತಿಪ್ಪೇರುದ್ರಪ್ಪ. ಮಾವನ ಮುಖ ನೋಡಿ ಅವಳು ಮಗಳ ಬ್ಯಾಗನ್ನು ಅವನ ಕೈಗೆ ಕೊಟ್ಟಳು.

ಊರ ಬಾಗಿಲಿನಲ್ಲಿ ಒಂಬತ್ತು ಮಕ್ಕಳನ್ನು ಸೇರಿಸಿಕೊಂಡು ಅವನು ನಿಂತಿದ್ದಾಗ ಕೆರೆ ಏರಿಯ ಕಡೆಯಿಂದ ಫಾರಂನ ಐವರು ಬಂದರು. ಹುಲಿಗೆಮ್ಮ ಎಲ್ಲರನ್ನೂ ಒಮ್ಮೆ ನೋಡಿ, ಸಹನಾಳ ಹತ್ತಿರ ಬಂದು ಹೆಸರು ಕೇಳಿದಳು. ಆಮೇಲೆ ಕೈ ಹಿಡಿದುಕೊಂಡಳು. ಲಾರಿ ಬಂದರೆ ಎಲ್ಲಿ ಸರಿಯಬೇಕು, ಯಾವ ಮನೆಯ ನಾಯಿ ಬೊಗಳಿದರೂ ಕಚ್ಚುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ ನಡೆದಳು. ಹದಿನಾಲ್ಕು ಮಕ್ಕಳು ಒಂದೇ ಸಾಲಾಗಿ ಹೋಗುತ್ತಿದ್ದರು. ತಿಪ್ಪೇರುದ್ರಪ್ಪ ಹಿಂದೆ ಹಿಂದೆ ನಡೆದ.

ಕಲ್ಲುಗುಡ್ಡೆ ಶಾಲೆಯ ಗೇಟಿನೊಳಗೆ ಮಕ್ಕಳು ನುಗ್ಗಿದರು. ಅವನ ಕಾಲು ಹೊರಗೇ ನಿಂತುಬಿಟ್ಟಿತು. ಅಂಗಳದ ತುಂಬ ಆ ಊರಿನವರು ತಮ್ಮ ತಮ್ಮ ಮಕ್ಕಳ ಜೊತೆ ನಿಂತು ಮಾತಾಡುತ್ತಿದ್ದರು. ಒಂದು ಮುಖವೂ ಅವನ ಗುರುತಿನದಲ್ಲ. ಯಾರೂ ಬಾ ಎನ್ನಲಿಲ್ಲ, ಯಾರೂ ಬೇಡ ಎನ್ನಲಿಲ್ಲ, ಯಾರ ಕಣ್ಣಿಗೂ ಅವನು ಬೀಳಲೇ ಇಲ್ಲ. ಕಂಪೌಂಡಿನ ಗೋಡೆಗೆ ಕೈಯೂರಿ ನಿಂತವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ಅರ್ಥವಾಯಿತು. ಐವತ್ತೆಂಟು ವರ್ಷದ ಗಂಡಸು ಬೀದಿಯಲ್ಲಿ ನಿಂತು ಟವೆಲಿನಿಂದ ಕಣ್ಣು ಒರೆಸಿಕೊಂಡ.

ಒಳಗಿನಿಂದ ಹುಲಿಗೆಮ್ಮ ಓಡಿ ಬಂದಳು.

"ಯಾಕಜ್ಜ ಅಲ್ಲೇ ನಿಂತ್ರಿ? ಒಳಗೆ ಬರ್ರಿ. ಇಲ್ಲಿ ಯಾರೂ ಏನೂ ಅನ್ನಾಕಿಲ್ಲ," ಎಂದು ಗೇಟನ್ನು ತೆರೆದು ಹಿಡಿದು ನಿಂತಳು. ಅವಳ ಹಿಂದೆ ಪ್ರಾರ್ಥನೆ ಶುರುವಾಗಿತ್ತು.