ಒದ್ದ ಕಾಲು ನಡೆದು ಬರಲಿ

ಟೈಲರಜ್ಜಿಯ ಮನೆಗೆ ಬಾಗಿಲಿಲ್ಲದೆ ಒಂದು ವಾರವಾಗಿತ್ತು. ಬಾಗಿಲಿದ್ದ ಕಡೆ ನೀಲಿ ಗೆರೆಯ ದುಪ್ಪಟಿಯೊಂದು ತೂಗುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಅದು ಒಳಗೆ ನುಗ್ಗಿ ಹೊಲಿಗೆ ಯಂತ್ರದ ಮೇಲೆ ಬೀಳುತ್ತಿತ್ತು, ಅಜ್ಜಿ ಅದಕ್ಕೆ ಬೈದು ಹೊರಗೆ ನೂಕುತ್ತಿದ್ದಳು.

ಆದದ್ದು ಇಷ್ಟೇ. ಕಳ್ಳನೊಬ್ಬ ಹಸಿರು ಬಾಗಿಲಿನ ಮನೆಯಲ್ಲಿ ಅಡಗಿದ್ದಾನೆಂದು ಪೊಲೀಸರಿಗೆ ಸುಳಿವು ಸಿಕ್ಕಿತ್ತು. ಬಣ್ಣದಂಗಡಿಯವನು ಹಳೇ ಸರಕು ಖಾಲಿ ಮಾಡಲು ಹಸಿರನ್ನು ಅಗ್ಗಕ್ಕೆ ಕೊಟ್ಟ ವರ್ಷ ಅರ್ಧ ಬಡಾವಣೆಯೇ ಹಸಿರಾಗಿತ್ತು. ಯಾವ ಹಸಿರು ಬಾಗಿಲಿನ ಹಿಂದೆ ಯಾರಿದ್ದಾರೆಂದು ಕೇಳಿದ್ದರೆ ಹಾಲಿನವನೂ ಹೇಳುತ್ತಿದ್ದ. ಮಹಾರಾಯರು ಕೇಳಬೇಕಲ್ಲ! ಬೆಳಕು ಹರಿಯುವ ಹೊತ್ತಿಗೆ ಬಂದು, ಒಂದೇ ಒದೆತಕ್ಕೆ ಬಾಗಿಲನ್ನು ಚಿಲಕದ ಸಮೇತ ಮಲಗಿಸಿದರು. ಒಳಗಿದ್ದವರು ಅಜ್ಜಿ ಮತ್ತು ಮೊಮ್ಮಗಳು ಗುಬ್ಬಿ, ಇಬ್ಬರೇ. ಗುಬ್ಬಿಯ ತಾಯಿ ಆಸ್ಪತ್ರೆಯ ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಕಳ್ಳ ಸಿಕ್ಕಿದ್ದು ಹಿಂದಿನ ಬೀದಿಯಲ್ಲಿ, ಇನ್ನೊಂದು ಹಸಿರು ಬಾಗಿಲಿನ ಹಿಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಬಾಗಿಲು ಹೋದರೆ ಹಾಳಾಗಿ ಹೋಗಲಿ. ಅಜ್ಜಿಯ ಚಿಂತೆ ಗುಬ್ಬಿಯದು. ಮೊದಲು ಯಾರು ತಟ್ಟಿದರೂ ಬಾಗಿಲು ತೆಗೆಯುವ ಕೆಲಸ ಅವಳದ್ದೇ. ತಿನ್ನುತ್ತಿದ್ದರೂ ಎಂಜಲು ಕೈಯಲ್ಲೇ ಓಡುತ್ತಿದ್ದಳು. ಈಗ ಪಕ್ಕದ ಮನೆಯ ಬಾಗಿಲು ತಟ್ಟಿದರೂ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಅಲ್ಲಿಂದ ಅವಳನ್ನು ಪುಸಲಾಯಿಸಿ ಹೊರಗೆ ಕರೆಯುವಷ್ಟರಲ್ಲಿ ಅಜ್ಜಿಗೆ ಸಾಕುಸಾಕಾಗುತ್ತಿತ್ತು. ಸಾಲದ್ದಕ್ಕೆ, "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದು ಎದುರುಮನೆಯವಳು ಆಡಿದ ಮಾತು ಕಿವಿಗೆ ಬಿದ್ದಿತ್ತು. ಅವಳು ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನೂ ವಾಪಸ್ಸು ಒಯ್ದಿದ್ದಳು.

ಠಾಣೆಯ ಇನ್‌ಸ್ಪೆಕ್ಟರಮ್ಮ ಕೆಟ್ಟವಳಲ್ಲ. ಹೊಸ ಬಾಗಿಲು ಹೊರಿಸಿ ಬಡಗಿಯನ್ನು ಕರೆತಂದಳು. ಒಳಗೆ ಬಂದು ಸ್ಟೂಲಿನ ಮೇಲೆ ಕೂತು, "ಅಜ್ಜಿ, ಇಲಾಖೆ ಕಡೆಯಿಂದ ತಪ್ಪಾಯ್ತು. ಬಾಗಿಲು ಹಾಕಿಸಿಕೊಡ್ತೀವಿ," ಎಂದಳು. ಬೀದಿಗೆ ಕೇಳದಷ್ಟು ಮೆಲ್ಲಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ದನಿ.

ಅಜ್ಜಿ ಹೊಲಿಗೆ ನಿಲ್ಲಿಸಿದಳು. "ಇಲಾಖೆಗೆ ಕಾಲೆಲ್ಲಿದೆ ತಾಯಿ? ಒದ್ದದ್ದು ಒಂದು ಕಾಲು. ಆ ಕಾಲು ನಡ್ಕೊಂಡು ಬರ್ಲಿ. ಹಗಲು ಹೊತ್ತು, ಬೀದಿ ನೋಡ್ತಿರೋವಾಗ ಬರ್ಲಿ. ತಟ್ಲಿ. ಒಳಗಿಂದ ಕರೆಯೋ ತನಕ ಕಾಯ್ಲಿ. ಆಮೇಲೆ ನಿಮ್ಮ ಬಾಗಿಲು."

"ಅವನ ಮೇಲೆ ವಿಚಾರಣೆ ನಡೀತಿದೆ, ಅಜ್ಜಿ. ಅಲ್ದೆ..." ಇನ್‌ಸ್ಪೆಕ್ಟರಮ್ಮ ನೆಲ ನೋಡಿದಳು. "ಅವನನ್ನ ಕಳಿಸಿದ್ದು ನಾನೇ."

"ಹಾಗಾದ್ರೆ ನೀವೂ ಬನ್ನಿ."

ಬಡಗಿ ಬಾಗಿಲನ್ನು ಮತ್ತೆ ಹೊತ್ತುಕೊಂಡು ಹೋದ. ಅವನ ಮುಖ ನೋಡಿ ಅಜ್ಜಿಗೆ ಪಾಪ ಅನ್ನಿಸಿತು. ಆದರೂ ಪಟ್ಟು ಬಿಡಲಿಲ್ಲ.

ಮರುದಿನ ಅಂಗಡಿಗಳು ತೆರೆಯುವ ಹೊತ್ತಿಗೆ ಬೀದಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಅಜ್ಜಿ ತಲೆಯೆತ್ತಿದಳು. ದುಪ್ಪಟಿಯ ಅಂಚಿನ ಕೆಳಗೆ ಎರಡು ದೊಡ್ಡ ಬೂಟುಗಳು ಕಂಡವು. ದುಪ್ಪಟಿಯ ಮೇಲೆ ಬಿದ್ದ ಅಷ್ಟೆತ್ತರದ ನೆರಳು ಆ ಠಾಣೆಯಲ್ಲಿ ಒಬ್ಬನದೇ. ಬೀದಿಯವರು ಕಂಬ ಎಂದು ಕರೆಯುವ ಪೇದೆ, ಒದ್ದವನು. ಗುಬ್ಬಿ ಆಗಲೇ ಮಂಚದ ಕೆಳಗೆ ಮಾಯವಾಗಿದ್ದಳು.

ನೆರಳು ತಟ್ಟಲು ಕೈಯೆತ್ತಿತು. ಎತ್ತಿದ ಕೈ ಹಾಗೇ ನಿಂತಿತು. ತಟ್ಟುವುದಕ್ಕೆ ಬಾಗಿಲೆಲ್ಲಿದೆ? ಚೌಕಟ್ಟನ್ನಾದರೂ ತಟ್ಟೋಣವೆಂದರೆ, ಅದು ಇವನ ಒದೆತಕ್ಕೇ ಸೀಳಿತ್ತು, ಮುಟ್ಟಿದರೆ ಮೈಮೇಲೆ ಬೀಳುವಂತಿತ್ತು. ದುಪ್ಪಟಿಯ ಸಂದಿನಲ್ಲಿ ಅವನ ಮುಖ ಇಂಗು ತಿಂದ ಮಂಗನಂತೆ ಕಂಡಿತು. ಅಯ್ಯೋ, ಹಟದಲ್ಲಿ ಇದೊಂದನ್ನು ಯೋಚಿಸಲೇ ಇಲ್ಲವಲ್ಲ ಎಂದು ಅಜ್ಜಿ ನಾಲಗೆ ಕಚ್ಚಿಕೊಂಡಳು.

"ಟಕ್ ಟಕ್," ಎಂದ ಕಂಬ. ಬಾಯಲ್ಲಿ.

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಮಂಚದ ಕೆಳಗಿಂದ ಪಿಸುದನಿ ಬಂತು. "ಅಜ್ಜೀ, ಬಾಯಲ್ಲಿ ಯಾರಾದ್ರೂ ಬಾಗಿಲು ತಟ್ತಾರಾ?"

"ನೀನೇ ಕೇಳು, ಯಾರು ಅಂತ."

"ಯಾರು?"

"ನಾನು... ಪೊಲೀಸು."

"ಯಾವ ಪೊಲೀಸು?"

ಕಂಬ ಗಂಟಲು ಸರಿಮಾಡಿಕೊಂಡ. "ಅವತ್ತು ನಿಮ್ಮ ಬಾಗಿಲು ಒದ್ದವನು ಪುಟ್ಟಾ. ನಿಮ್ದೇನೂ ತಪ್ಪಿರ್ಲಿಲ್ಲ. ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ. ತಪ್ಪು ನಂದು."

"ಎದುರುಮನೆಗೆ ಕೇಳಿಸ್ಲಿಲ್ಲ," ಎಂದಳು ಅಜ್ಜಿ.

ಅವನು ಅಷ್ಟನ್ನೂ ಮತ್ತೆ ಹೇಳಿದ, ಬೀದಿಯ ಆ ತುದಿಗೆ ಕೇಳುವಂತೆ. ಅದರ ಬೆನ್ನಿಗೇ, ಯಾರೂ ಹೇಳಿಸದೆಯೇ, ಇನ್ನೊಂದು ದನಿ ಎದ್ದಿತು. "ವಿಳಾಸ ಸರಿಯಾಗಿ ನೋಡ್ದೆ ಕಳಿಸಿದವಳು ನಾನು. ಈ ಮನೆಯವರ ಮೇಲೆ ಯಾವ ದೂರೂ ಇಲ್ಲ, ಇರ್ಲೂ ಇಲ್ಲ." ಇನ್‌ಸ್ಪೆಕ್ಟರಮ್ಮನ ದನಿ.

ವಾರದಿಂದ ಅಜ್ಜಿ ಬೈಗುಳಗಳನ್ನು ಮಸೆದಿಟ್ಟಿದ್ದಳು. ಒಂದೂ ಬಾಯಿಗೆ ಬರಲಿಲ್ಲ. ಬದಲಿಗೆ ಕಣ್ಣು ತುಂಬಿಕೊಂಡಿತು, ಅದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಬೂಟು ಬಿಚ್ಚಿ ಬರ್ಲಿ," ಎಂದು ಮಂಚದ ಕೆಳಗಿನಿಂದ ಅಪ್ಪಣೆಯಾಯಿತು.

ಕಂಬ ಬೂಟು ಬಿಚ್ಚಿಟ್ಟು, ತಲೆ ತಗ್ಗಿಸಿ ಒಳಗೆ ಬಂದ. "ಅಜ್ಜೀ! ಅವ್ರ ಹೆಬ್ಬೆರಳು ಕಾಲುಚೀಲದಿಂದ ಆಚೆ ಬಂದಿದೆ!" ಎಂದು ಗುಬ್ಬಿ ನಕ್ಕಳು. ವಾರದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು. ನಗುತ್ತಲೇ ತೆವಳಿಕೊಂಡು ಈಚೆ ಬಂದಳು.

ಬಡಗಿ ಮತ್ತೆ ಬಂದು ಸೀಳಿದ ಚೌಕಟ್ಟು ಸರಿಮಾಡಿದ, ಮಧ್ಯಾಹ್ನದ ಹೊತ್ತಿಗೆ ಬಾಗಿಲು ನಿಂತಿತು. ಕಂಬ ಹಿಡಿದುಕೊಂಡ, ಬಡಗಿ ಮೊಳೆ ಹೊಡೆದ. "ಬಣ್ಣ ಯಾವುದು ಹಾಕ್ಲಿ ಅಜ್ಜಿ?" ಎಂದು ಬಡಗಿ ಕೇಳಿದ.

"ಹಸಿರೊಂದು ಬಿಟ್ಟು ಯಾವುದಾದ್ರೂ ಹಾಕಪ್ಪ."

ಸಂಜೆ ಹೊಸ ಬಾಗಿಲನ್ನು ಯಾರೋ ತಟ್ಟಿದರು. ತಿನ್ನುತ್ತಿದ್ದ ಗುಬ್ಬಿ ಥಟ್ಟನೆ ಎದ್ದಳು. ಒಂದು ಸಲ ಮಂಚದ ಕಡೆ ನೋಡಿದಳು. ಆಮೇಲೆ ಎಂಜಲು ಕೈಯಲ್ಲೇ ಬಾಗಿಲಿಗೆ ಓಡಿದಳು. ಅಜ್ಜಿ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದಳು. ಚಿಲಕದ ಮೇಲೆ ಕೈಯಿಟ್ಟ ಮಗು ತೆಗೆಯಲಿಲ್ಲ. "ಯಾರು?" ಎಂದು ಕೇಳಿತು.

"ನಾನೇ ಕಣೇ, ಎದುರುಮನೆ ಅತ್ತೆ. ಬಟ್ಟೆ ತಂದಿದ್ದೀನಿ."

ಗುಬ್ಬಿ ಚಿಲಕ ತೆಗೆದಳು. ಅಜ್ಜಿ ಯಂತ್ರದ ಕಡೆ ತಿರುಗಿದಳು, ಆದರೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಮೊದಲೆಲ್ಲ ಆ ಮಗು ಯಾರೆಂದು ಕೇಳುತ್ತಲೇ ಇರಲಿಲ್ಲ.