ತಪ್ಪುತಪ್ಪಾಗಿ ಮಾತಾಡಮ್ಮ

ಧ್ವನಿ ಕೊಡುವ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಮೈಕು ಅದರ ಸದ್ದನ್ನೂ ನುಂಗುತ್ತದೆ. ಬೆಳಗ್ಗೆಯಿಂದ ಗಿಳಿ ಆ ಗೂಡಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು. ಯಾರ ಧ್ವನಿ ಬೇಕೆಂದರೂ ಥಟ್ಟನೆ ತೆಗೆಯುತ್ತಿದ್ದಳು, ಅದಕ್ಕೇ ಆ ಹೆಸರು. ಆದರೆ ಅವಳು ಕಡಲಿನ ಆಚೆ ದಡದಿಂದ ವಲಸೆ ಬಂದವರ ಮಗಳು, ಕಪ್ಪು ಬಣ್ಣ. ಕಾರ್ಟೂನಿನಲ್ಲಿ ಕಳ್ಳ, ಕೆಲಸದವಳು, ಕಾಡುಮನುಷ್ಯ, ಇಷ್ಟೇ ಅವಳ ಪಾಲಿಗೆ.

ಇವತ್ತು ಪರದೆಯ ಮೇಲೆ ಕಳ್ಳರು. ಇದ್ದಿಲಿನಂಥ ಮೈ, ದಿಂಬಿನಂಥ ತುಟಿ.

“ನಿಮ್ಮೋರ ಥರ ಮಾತಾಡು,” ಅಂದ ನಿರ್ದೇಶಕ, ಗಾಜಿನಾಚೆಯಿಂದ.

ಗಿಳಿ ತನ್ನ ಅಮ್ಮನ ಹಾಗೆ ಮಾತಾಡಿದಳು: “ಯಾರಪ್ಪ ಅದು? ನಮಗೂ ಹಸಿವಾಗಿದೆ.”

“ಅಯ್ಯೋ, ಇದು ಸರಿಯಾಗೇ ಇದೆಯಲ್ಲ!”

“ಸರಿಯಾಗಿದ್ರೆ ಇನ್ನೇನ್ ಸಾರ್?”

“ಹೋದ ಕಂತಿನ ಹಾಗೇ ತಪ್ಪುತಪ್ಪಾಗಿ ಮಾತಾಡಮ್ಮ. ‘ನಾನು ಹೊಟ್ಟೆ ಹಸಿವು, ಬುದ್ಧೀ’ ಅಂತ. ಜನ ನಗಬೇಕು, ಗೊತ್ತಾಯ್ತಾ?”

“ನಮ್ಮೋರು ಯಾರೂ ಹಾಗೆ ಮಾತಾಡಲ್ಲ.”

“ಕಾರ್ಟೂನಲ್ಲಿ ಮಾತಾಡ್ತಾರೆ, ಗೊತ್ತಾಯ್ತಾ?”

ಗಿಳಿಯ ಮೈ ಉರಿಯಿತು. ಹಿಂದಿನ ಕಂತು ಟೀವಿಯಲ್ಲಿ ಬಂದ ಮೇಲೆ ಶಾಲೆಯ ಮಕ್ಕಳು ಅವಳ ಮಗಳ ಹಿಂದೆ ‘ಹೊಟ್ಟೆ ಹಸಿವು, ಬುದ್ಧೀ’ ಅಂತ ಕುಣಿದಿದ್ದರು. ಮಗಳು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಆ ಧ್ವನಿ ತನ್ನ ಅಮ್ಮನದೇ ಎಂದು ಅವಳಿಗೆ ಗೊತ್ತಿತ್ತು. ಮಕ್ಕಳು ಕುಣಿದದ್ದನ್ನು ಪಕ್ಕದ ಮನೆಯವಳು ಬಂದು ಗಿಳಿಗೆ ಹೇಳಿದ್ದಳು.

“ಸರಿ ಸಾರ್, ಹಾಕಿ,” ಅಂದಳು ಗಿಳಿ.

ಕೆಂಪು ದೀಪ ಹತ್ತಿತು. ಕಳ್ಳ ಬಾಯಿ ತೆರೆದ. ಬಂದದ್ದು ನಿರ್ದೇಶಕನ ಧ್ವನಿ! ಅದೇ ಮೂಗುದನಿ, ಅದೇ ಕೆಮ್ಮು, ಮಾತಿಗೊಮ್ಮೆ ಅವನದೇ ‘ಗೊತ್ತಾಯ್ತಾ’.

“ನಾನು ಹೊಟ್ಟೆ ಹಸಿವು, ಗೊತ್ತಾಯ್ತಾ?”

ಸೌಂಡಿನವನು ಬಿದ್ದು ಬಿದ್ದು ನಕ್ಕ. ರಾಜಕುಮಾರಿಗೆ ಧ್ವನಿ ಕೊಡುವ ಅರವತ್ತು ದಾಟಿದ ದೊಡ್ಡಮ್ಮ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು.

“ನನ್ನೇ ಅಣಕಿಸ್ತೀಯಾ?”

“ಒಂದೇ ಸಲಕ್ಕೆ ಇಷ್ಟು ಉರಿ ಹತ್ತಿತಾ ಸಾರ್? ನಮ್ಮಮ್ಮ ಇದನ್ನ ದಿನಾ ಕೇಳ್ತಾಳೆ.”

“ನಡಿ ಹೊರಗೆ! ದೊಡ್ಡಮ್ಮಾ, ಬನ್ನಿ, ನೀವೇ ಹೇಳಿ.”

“ನನ್ ನಾಲಿಗೆ ಹೊರಳಲ್ಲಪ್ಪ.”

ಕೋತಿಗೆ ಧ್ವನಿ ಕೊಡುವವನಿಗೆ ಆಗಲೇ ಗಂಟಲು ಕಟ್ಟಿತ್ತು. ಕೋಳಿ ಕೂಗುವವಳಿಗೆ ಎಲ್ಲಿಲ್ಲದ ಕೆಮ್ಮು. ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಗಿಳಿಯ ಹಿಂದೆ ಬೀದಿಗಿಳಿದರು.

“ನಿಮ್ಮ ಹೊಟ್ಟೆ ಮೇಲೂ ಕಲ್ಲು ಹಾಕಿಬಿಟ್ಟೆ,” ಅಂದಳು ಗಿಳಿ.

“ಸುಮ್ನಿರೇ,” ಅಂದಳು ದೊಡ್ಡಮ್ಮ. “ಹದಿನಾರರ ಹುಡುಗಿ ಹಾಗೆ ನಾಚ್ಕೊಂಡು ನಾಚ್ಕೊಂಡು ನಂಗೂ ಸಾಕಾಗಿತ್ತು.”

ಕೆಲಸವಂತೂ ಹೋಯಿತು. ಬೇರೆ ಗತಿಯಿಲ್ಲದೆ ನಿರ್ದೇಶಕ ಕಳ್ಳರು ಬಾಯಿ ತೆರೆದಲ್ಲೆಲ್ಲ ಡೋಲು ಬಾರಿಸಿ ಕಂತನ್ನು ಟೀವಿಗೆ ಕಳಿಸಿದ.

ಆ ಭಾನುವಾರ ಓಣಿಯ ಮಕ್ಕಳೆಲ್ಲ ಗಿಳಿಯ ಮನೆಯ ಟೀವಿ ಮುಂದೆ ಕೂತರು. ಕಳ್ಳರು ಬಾಯಿ ಆಡಿಸಿದರು, ಮಾತಿಲ್ಲ, ಬರೀ ಡೋಲು. ಗಿಳಿಯ ಮಗಳು ಟೀವಿಯ ಹತ್ತಿರ ಸರಿದಳು. ಆಮೇಲೆ ತನ್ನ ಅಜ್ಜಿಯ ಧಾಟಿಯಲ್ಲಿ ಶುರು ಹಚ್ಚಿದಳು:

“ಲೋ, ಬಿಸಿಲಲ್ಲಿ ಅಲೀಬೇಡ್ವೋ, ತಲೆನೋವು ಬರತ್ತೆ!”

ಮಕ್ಕಳು ಹೋ ಎಂದರು. ಚೀಲ ಹೊತ್ತ ಕಳ್ಳನಿಗೆ ಪಕ್ಕದ ಮನೆಯ ಪೋರಿ ಧ್ವನಿ ಕೊಟ್ಟಳು: “ಬಟ್ಟೆ ಒಗೆಯೋಕೆ ಹೊರಟಿದೀನಿ ಕಣತ್ತೆ, ದಾರಿ ಬಿಡು!”

ಗಿಳಿ ಎದ್ದುಹೋಗಿ ಡೋಲಿನ ಸದ್ದು ಅಡಗಿಸಿದಳು.