ಸೊಣ್ಣಮ್ಮನ ಸೇರು

ನಯಾ ಪೈಸೆ ಬಂದು ಎರಡು ವರ್ಷವಾಗಿತ್ತು. ಇನ್ನು ಕಿಲೋ ಬರುತ್ತದೆ ಎಂದು ಪತ್ರಿಕೆಯಲ್ಲಿ ಬರುತ್ತಿತ್ತು. ಜಯನಗರದ ಅಂಗಡಿಗಳಲ್ಲಿ ಮಾತ್ರ ಕಾಳುಕಡ್ಡಿಗೆ ಇನ್ನೂ ಸೇರು, ಪಾವಿನ ಲೆಕ್ಕವೇ. ಆ ವರ್ಷ ನಾನು ಗೃಹವಿಜ್ಞಾನದ ಎರಡನೇ ವರ್ಷದಲ್ಲಿದ್ದೆ. ನಮ್ಮ ಸರಸ್ವತಿ ಮಿಸ್ ಪ್ರತಿಯೊಬ್ಬರಿಗೂ ಒಂದೊಂದು ಪುಟ್ಟ ಸಂಶೋಧನೆ ಮಾಡಲು ಹೇಳಿದ್ದರು. ಒಬ್ಬಳಿಗೆ ಯಾವ ಸೋಪು ಎಷ್ಟು ಬಟ್ಟೆ ಒಗೆಯುತ್ತದೆ ಎಂದು ನೋಡುವ ಕೆಲಸ, ಇನ್ನೊಬ್ಬಳಿಗೆ ಯಾವ ಕಾಫಿಪುಡಿಯಲ್ಲಿ ಎಷ್ಟು ಚಿಕೋರಿ ಎಂದು. ನನಗೂ ನನ್ನ ಗೆಳತಿ ಜಯಾಗೂ ಸಿಕ್ಕಿದ್ದು ಮನೆಯ ಹತ್ತಿರದ ಐದು ಅಂಗಡಿಗಳಲ್ಲಿ ಆರು ಪದಾರ್ಥಗಳ ಬೆಲೆ ಕೇಳಿ ಹೋಲಿಸುವುದು.

ಕೇಳಲು ಸುಲಭ. ನನಗೆ ಸುಲಭವಾಗಿರಲಿಲ್ಲ. ನಮ್ಮ ಮನೆಯಲ್ಲಿ ಹೆಂಗಸರು ದಿನಸಿ ಅಂಗಡಿಗೆ ಹೋದವರಲ್ಲ. ಅಪ್ಪ ಎರಡು ತಿಂಗಳಿಗೊಮ್ಮೆ ಪೇಟೆಯಿಂದ ಅಕ್ಕಿ ಮೂಟೆಯನ್ನೇ ತರಿಸುತ್ತಿದ್ದರು. ಅಮ್ಮನಿಗೆ ಗೊತ್ತಿದ್ದ ಅಳತೆ ಅಡುಗೆಮನೆಯ ಹಿತ್ತಾಳೆ ಪಾವಿನದು. ಡಬ್ಬದಿಂದ ತುಂಬಿ, ಅಂಗೈಯಲ್ಲಿ ಸವರಿ, ಪಾತ್ರೆಗೆ ಹಾಕುವಳು. ನಾನೂ ಹಾಗೇ ಕಲಿತಿದ್ದೆ.

ಅಂಗಡಿಯ ಮುಂದೆ ನೋಟ್‌ಪುಸ್ತಕ ಹಿಡಿದು ನಿಂತರೆ ದಾರಿಯಲ್ಲಿ ಹೋಗುವವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಎನಿಸುತ್ತಿತ್ತು. ಜಯಾಗೆ ಅದೊಂದು ತಮಾಷೆ.

"ಚೂಡಾ, ನೀನು ಬೆಲೆ ಕೇಳೋದು ನೋಡಿದ್ರೆ ಅಂಗಡಿಯೋರು ಕಾಸಿಲ್ಲದ ಹುಡುಗಿ ಅಂತ ಬಿಟ್ಟಿ ಕೊಟ್ಟುಬಿಡ್ತಾರೆ ಕಣೆ."

"ನೀನೇ ಕೇಳು ಹಾಗಾದ್ರೆ."

"ನಾನು ಕೇಳಿದ್ರೆ ಚೌಕಾಸಿ ಮಾಡಿಬಿಡ್ತೀನಿ. ಸಂಶೋಧನೆ ಕೆಡುತ್ತೆ."

ನಾಲ್ಕು ಅಂಗಡಿ ನಮ್ಮ ಮೂರನೇ ಬ್ಲಾಕಿನ ಸುತ್ತಲೇ ಇದ್ದವು. ಅವುಗಳಲ್ಲಿ ದೊಡ್ಡದು ಗಂಗಾಧರಯ್ಯನವರದು. ಐದನೆಯದು ಬಡಾವಣೆಯ ಅಂಚಿನಲ್ಲಿ, ಸೈಟುಗಳ ಗಡಿಕಲ್ಲು ಮುಗಿದು ರಾಗಿ ಹೊಲ ಶುರುವಾಗುವ ಕಡೆ ಇತ್ತು. ಅದು ಚಿಕ್ಕಬೈರಪ್ಪನ ಅಂಗಡಿ. ಬಡಾವಣೆಗೆ ಅವನ ಹೊಲವೂ ಹೋಗಿತ್ತು. ಪರಿಹಾರದ ಹಣದಲ್ಲಿ ರಸ್ತೆ ಬದಿಗೆ ಹೆಂಚಿನ ಒಂದು ಕೋಣೆ ಕಟ್ಟಿ ಅಂಗಡಿ ಇಟ್ಟಿದ್ದ. ವ್ಯಾಪಾರ ಮಾಡುತ್ತಿದ್ದವಳು ಅವನ ಹೆಂಡತಿ ಸೊಣ್ಣಮ್ಮ.

ಅವಳನ್ನು ಅಕ್ಕಿ ಎಷ್ಟು ಎಂದು ಕೇಳಿದೆ. "ಸೇರಿಗೆ ಎಂಬತ್ನಾಕು" ಎಂದಳು. ರಾಗಿ, ತೊಗರಿಬೇಳೆ, ಹೆಸರುಕಾಳು, ಬೆಲ್ಲ, ಬಟ್ಟೆ ಸೋಪು ಎಲ್ಲದರ ಬೆಲೆ ಕೇಳಿ ಬರೆದುಕೊಂಡೆ. ಅವಳು ಸೇರನ್ನು ಕೈಗೆ ತೆಗೆದುಕೊಂಡು, "ಅಳೀಲಾ ತಾಯಿ?" ಎಂದಳು. "ನಾಳೆ ಬರ್ತೀನಿ" ಎಂದು ಸುಳ್ಳು ಹೇಳಿ ಬೇಗ ಬೇಗ ನಡೆದುಬಿಟ್ಟೆ.

ಚಾರ್ಟನ್ನು ಮಾತ್ರ ತುಂಬ ಮುತುವರ್ಜಿಯಿಂದ ಮಾಡಿದೆ. ಐದು ಅಂಗಡಿಗೆ ಐದು ಬಣ್ಣದ ಗೆರೆ. ಬೆಲ್ಲ ಮತ್ತು ಸೋಪು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಸೇರಿನಲ್ಲಿ ಅಳೆದು ಕೊಡುವ ನಾಲ್ಕು ಪದಾರ್ಥಗಳಲ್ಲೂ ಸೊಣ್ಣಮ್ಮನ ಬೆಲೆಯೇ ಮೇಲೆ. ಗಂಗಾಧರಯ್ಯನವರಲ್ಲಿ ಎಂಬತ್ತು ಪೈಸೆಯ ಅಕ್ಕಿ ಅವಳಲ್ಲಿ ಎಂಬತ್ನಾಲ್ಕು. ಅಳೆಯುವುದರಲ್ಲಿ ಮಾತ್ರ ಯಾಕೆ ಹೀಗೆ ಎಂದು ನನಗೆ ನಾನೇ ಕೇಳಿಕೊಳ್ಳಬಹುದಿತ್ತು. ಕೆಂಪು ಗೆರೆ ಎದ್ದು ಕಾಣುತ್ತದೆಯೇ ಎಂದಷ್ಟೇ ನೋಡಿದೆ. "ಅಂಚಿನ ಅಂಗಡಿಯಲ್ಲಿ ಸ್ಪರ್ಧೆ ಇಲ್ಲದ ಕಾರಣ ಬೆಲೆ ಹೆಚ್ಚು" ಎಂದು ಕೆಳಗೆ ಬರೆದೆ. ಆ ವಾಕ್ಯದ ಬಗ್ಗೆ ನನಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಮಿಸ್‌ಗೆ ಅದು ತುಂಬ ಹಿಡಿಸಿತು. ಬೇರೆ ಬೇರೆ ಕಾಲೇಜಿನವರು ಸೇರುವ ಗೃಹವಿಜ್ಞಾನ ಗೋಷ್ಠಿಯಲ್ಲಿ ನೀನೇ ಓದಬೇಕು ಎಂದರು. ಚಾರ್ಟಿನ ಒಂದು ಪ್ರತಿಯನ್ನು ನಮ್ಮ ಬ್ಲಾಕಿನ ಮಹಿಳಾ ಸಮಾಜಕ್ಕೂ ಕೊಟ್ಟರು. ಸಮಾಜದ ಅಧ್ಯಕ್ಷೆ ನೀಲಗಂಗಮ್ಮನವರು ಅದನ್ನು ಬೋರ್ಡಿಗೆ ಹಾಕಿಸಿದರು.

ಹದಿನೈದು ದಿನದ ಮೇಲೆ, ಗೋಷ್ಠಿಗೆ ಇನ್ನೂ ಒಂದು ವಾರವಿರುವಾಗ, ನಮ್ಮ ಮನೆಗೆ ಮೈಸೂರಿನಿಂದ ನೆಂಟರು ಬಂದರು. ಮೂಟೆ ತಳ ಕಂಡಿತ್ತು. ಅಪ್ಪ ಆಫೀಸಿನಲ್ಲಿದ್ದರು. ಆವತ್ತು ವಾರದ ರಜೆ, ಗಂಗಾಧರಯ್ಯನವರದೂ ಸೇರಿ ಬ್ಲಾಕಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅಮ್ಮ ಚೀಲ ಕೊಟ್ಟು, "ಅಷ್ಟೆಲ್ಲ ಅಂಗಡಿ ಸುತ್ತಿದ್ದೀಯಲ್ಲ, ಎರಡು ಸೇರು ಅಕ್ಕಿ ತಂದುಬಿಡು" ಎಂದಳು.

ಸೊಣ್ಣಮ್ಮನ ಅಂಗಡಿಯ ಮುಂದೆ ಒಬ್ಬ ಮುದುಕಿ ಮಾತ್ರ ಇದ್ದಳು. ಅವಳ ಹೆಸರು ಮುನಿಲಕ್ಷ್ಮಮ್ಮ ಎಂದು ಆಮೇಲೆ ತಿಳಿಯಿತು. ಸೊಣ್ಣಮ್ಮ ಅವಳಿಗೆ ರಾಗಿ ಅಳೆಯುತ್ತಿದ್ದಳು. ಮೊದಲ ಸೇರನ್ನು ಒಂದು ಎನ್ನದೆ "ಲಾಭ" ಎಂದು ಎಣಿಕೆ ಶುರುಮಾಡಿದಳು, ಮೊರದಿಂದ ರಾಗಿ ಸುರಿದಳು. ಕಾಳು ಸೇರಿನ ಅಂಚು ದಾಟಿ ಗುಡ್ಡದ ಹಾಗೆ ನಿಂತಿತು, ಸುತ್ತಲೂ ಜಾರಿತು. ಆಗ ಅವಳು ಪಕ್ಕದಲ್ಲಿದ್ದ ಒಂದು ಚಪ್ಪಟೆ ಕೋಲು ತೆಗೆದು ಆ ಗುಡ್ಡವನ್ನು ಮತ್ತೆ ಮೂಟೆಗೇ ಕೆಡವಿದಳು. ಕೋಲು ಅವಳ ಕೈಗೆ ಹೊಸದು ಎಂಬುದು ನೋಡಿದರೇ ತಿಳಿಯುತ್ತಿತ್ತು.

"ಏನೇ ಸೊಣ್ಣಿ," ಎಂದಳು ಮುದುಕಿ, "ಯಾವಾಗಿಂದ ಸೇರಿನ ತಲೆ ಕುಯ್ಯೋದು ಕಲಿತೆ?"

"ಕಲಿಸವ್ರೆ ಕಣತ್ತೆ. ಸಮಾಜದ ಅಮ್ಮೋರು ಬೋರ್ಡಿನಾಗೆ ಹಾಕವ್ರಂತೆ, ನಮ್ಮದೇ ಜಾಸ್ತಿ ರೇಟು ಅಂತ. ಗಿರಾಕಿ ಒಬ್ಬರೂ ಈ ಕಡೆ ತಲೆ ಹಾಕ್ತಿಲ್ಲ. ನಾಕು ಪೈಸ ಇಳಿಸ್ದೆ, ತಲೇನೂ ಇಳಿಸ್ದೆ. ಎಲ್ಲರ ಹಂಗೆ."

"ಬೈರಪ್ಪ ಸುಮ್ಕವ್ನಾ?"

"ಅವರು ಅಂಗಡಿಗೇ ಬತ್ತಿಲ್ಲ ಕಣತ್ತೆ. ಕಣದಾಗೆ ಆಳಿಗೆ ಕೂಡ ತಲೆ ಸವರಿ ಅಳೆದೋರಲ್ಲ ನಾವು, ಈಗ ದುಡ್ಡು ಕೊಟ್ಟೋರಿಗೆ ಸವರೋದಾ ಅಂತಾರೆ. ಈ ತಿಂಗಳೂ ಹಿಂಗೇ ಆದ್ರೆ ಅಂಗಡಿ ಮುಚ್ಚಿ ಮನೆ ಕಟ್ಟೋರ ತಾವ ಕಲ್ಲು ಹೊರಾಕೆ ಹೋಗೋಣ ಅಂತ ಕುಂತವ್ರೆ."

ಸೇರಿನ ಮೇಲೆ ಒಂದು ಗುಡ್ಡ ನಿಲ್ಲಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಐದು ಅಂಗಡಿಗೆ ಹೋಗಿದ್ದೆ. ಐದರಲ್ಲೂ ಬೆಲೆ ಕೇಳಿದ್ದೆ. ಒಂದರಲ್ಲೂ ಅಳೆಯುವುದನ್ನು ನೋಡಿರಲಿಲ್ಲ.

ಮುದುಕಿ ಹೋದ ಮೇಲೆ ಸೊಣ್ಣಮ್ಮ ನನ್ನ ಕಡೆ ತಿರುಗಿದಳು. "ನಿಮಗೇನು ತಾಯಿ?"

"ಎರಡು ಸೇರು ಅಕ್ಕಿ" ಎಂದೆ. ಆಮೇಲೆ, "ಮೊದಲು ಹೇಗೆ ಅಳೀತಿದ್ರೋ ಹಾಗೇ ಅಳೆದು ಕೊಡಿ. ಎಂಬತ್ನಾಲ್ಕೇ ಕೊಡ್ತೀನಿ."

ಅವಳು ಸೇರನ್ನು ಕೆಳಗಿಟ್ಟಳು. "ಯಾಕೆ?"

ಸುಳ್ಳು ಹೇಳಲು ಒಂದೆರಡು ದಾರಿ ಇದ್ದವು. ಅಮ್ಮ ಹೇಳಿದ್ದಾಳೆ ಎನ್ನಬಹುದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಆ ಬೋರ್ಡಿನಲ್ಲಿರೋದನ್ನ ಬರೆದವಳು ನಾನು" ಎಂದೆ. "ನೀವು ಮೇಲೆ ಗುಡ್ಡ ನಿಲ್ಲೋ ಹಾಗೆ ತಲೆಗಟ್ಟಿ ಅಳೀತಿದ್ರಿ ಅಂತ ನನಗೆ ಗೊತ್ತಿರಲಿಲ್ಲ. ನೋಡಲೂ ಇಲ್ಲ."

ಅವಳು ಚೆಲ್ಲಿದ್ದ ರಾಗಿಯನ್ನು ಅಂಗೈಯಲ್ಲಿ ಬಳಿದು ಮೂಟೆಗೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತು ಪುಸ್ತಕ ಹಿಡ್ಕಂಡು ಬಂದಿದ್ದೋಳು ನೀನೇನಾ" ಎಂದಳು. 'ನಿಮಗೆ' ಹೋಗಿ 'ನೀನು' ಆಗಿತ್ತು. "ಅಳೀಲಾ ಅಂದೆ ನಾನು. ನಾಳೆ ಬರ್ತೀನಿ ಅಂದೆ ನೀನು. ಕಾಲೇಜಿನಾಗೆ ಅಳತೆ ನೋಡದೆ ರೇಟು ಬರೆಯೋಕೆ ಕಲಿಸ್ತಾರಾ?"

"ಇಲ್ಲ. ಅದು ನನ್ನ ತಪ್ಪು."

"ತಪ್ಪು ಅಂದ್ರೆ ಆಯ್ತಾ? ಬೋರ್ಡು ಇನ್ನೂ ಅಲ್ಲೇ ಐತೆ."

"ತೆಗೆಸ್ತೀನಿ. ಅದಕ್ಕೇ ಅಕ್ಕಿ ಕೇಳಿದ್ದು. ತೂಕ ಹಾಕಿ ತೋರಿಸಬೇಕು. ಬರೀ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ."

ಅವಳು ಸೇರು ತೆಗೆದು ಎರಡು ಸಲ ಅಳೆದಳು. ಕೋಲನ್ನು ಮುಟ್ಟಲಿಲ್ಲ. ಮೊದಲ ಸೇರನ್ನು ಒಂದು ಚೀಲಕ್ಕೆ, ಎರಡನೆಯದನ್ನು ಇನ್ನೊಂದಕ್ಕೆ ಹಾಕಿದಳು. ಕೊಡುವಾಗ, "ಇದ್ದದ್ದು ಇದ್ದಂಗೆ ಹೇಳು. ಜಾಸ್ತಿ ಹೊಗಳಬ್ಯಾಡ" ಎಂದಳು.

ಒಂದು ಚೀಲ ಅಡುಗೆಮನೆಗೆ ಹೋಯಿತು. ಇನ್ನೊಂದನ್ನು ಮಾರನೆಯ ದಿನ ಕಾಲೇಜಿನ ಪ್ರಯೋಗಶಾಲೆಗೆ ಒಯ್ದೆ. ದಾರಿಯಲ್ಲಿ ಜಯಾಳನ್ನು ಕರೆದುಕೊಂಡು ಉಳಿದ ನಾಲ್ಕು ಅಂಗಡಿಯಲ್ಲೂ ಒಂದೊಂದು ಸೇರು ಅಕ್ಕಿ ಕೊಂಡೆ. ಈ ಸಲ ಸೇರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ನಾಲ್ವರೂ ಅಂಚಿಗೆ ಸಮವಾಗಿ ಸವರಿದರು. ಬಸ್ಸಿನಲ್ಲಿ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡ ಜಯಾ, "ಇದನ್ನೆಲ್ಲ ಸೇರಿಸಿ ಬಿಸಿಬೇಳೆಭಾತ್ ಮಾಡಿ ಗೋಷ್ಠಿಯೋರಿಗೆ ಬಡಿಸಿಬಿಡೋಣ, ಓದೋದೇ ಬೇಡ" ಎಂದಳು.

ತಕ್ಕಡಿಯಲ್ಲಿ ಹೊಸ ಗ್ರಾಂ ತೂಕದ ಬಟ್ಟುಗಳನ್ನಿಟ್ಟು ತೂಗಿದೆವು. ಗಂಗಾಧರಯ್ಯನವರ ಸೇರು ಒಂಬೈನೂರ ಮೂವತ್ತು ಗ್ರಾಂ. ಸೊಣ್ಣಮ್ಮನದು ಒಂದು ಸಾವಿರದ ಅರವತ್ತು. ಉಳಿದ ಮೂರೂ ಗಂಗಾಧರಯ್ಯನವರ ಸೇರಿನ ಆಸುಪಾಸಿನಲ್ಲೇ ಇದ್ದವು. ಕಿಲೋಗೆ ಲೆಕ್ಕ ಹಾಕಿದರೆ ಗಂಗಾಧರಯ್ಯನವರ ಅಕ್ಕಿ ಎಂಬತ್ತಾರು ಪೈಸೆ, ಸೊಣ್ಣಮ್ಮನದು ಎಪ್ಪತ್ತೊಂಬತ್ತು. ಐದು ಅಂಗಡಿಯಲ್ಲಿ ಅವಳದೇ ಅಗ್ಗ. ನಾನು ಇನ್ನೊಮ್ಮೆ ತೂಗಿದೆ. ಜಯಾ ಮೂರನೆಯ ಸಲ ತೂಗಿದಳು.

ಸರಸ್ವತಿ ಮಿಸ್ ಅಂಕಿಗಳನ್ನು ಓದಿ ಕನ್ನಡಕ ತೆಗೆದರು. "ಆ ಚಾರ್ಟನ್ನ ಸಮಾಜಕ್ಕೆ ಕೊಟ್ಟವಳು ನಾನು. ನಾನೂ ಕೇಳಲಿಲ್ಲವಲ್ಲ, ಹೇಗೆ ಅಳೀತಾರೆ ಅಂತ."

"ಗೋಷ್ಠಿಯಲ್ಲಿ ಇದನ್ನೇ ಓದಬಹುದಾ ಮಿಸ್?"

"ಒಂದು ಪದಾರ್ಥವನ್ನ ಒಂದೇ ಸಲ ಕೊಂಡು ತೂಗಿದ್ದೀಯ. ಉಳಿದದ್ದನ್ನೂ ತೂಗಿ, ನಾಲ್ಕು ವಾರ ನೋಡಿ, ಆಮೇಲೆ ಓದಬೇಕು. ಈ ಸಲ ಸೋಪಿನದನ್ನ ಓದಿಸ್ತೀನಿ." ಸಿಟ್ಟಿನಿಂದ ಹೇಳಲಿಲ್ಲ. "ಸಮಾಜಕ್ಕೆ ಮಾತ್ರ ಕಾಯೋ ಹಾಗಿಲ್ಲ. ನಾಳಿದ್ದು ಶನಿವಾರ ಅವರ ಸಭೆ. ನಾನು ಹೇಳಲೋ, ನೀನು ಹೇಳ್ತೀಯೋ?"

"ನಾನೇ ಹೇಳ್ತೀನಿ" ಎಂದೆ. ಶನಿವಾರದವರೆಗೂ ಹೇಳಬೇಕಾದ್ದನ್ನು ಅಡುಗೆಮನೆಯಲ್ಲಿ ಬಾಯಿಪಾಠ ಮಾಡಿದೆ.

ಸಭೆಯಲ್ಲಿ ಇಪ್ಪತ್ತು ಹೆಂಗಸರಿದ್ದರು. ಅಮ್ಮನ ಪರಿಚಯದವರೇ ಹೆಚ್ಚು. ಮೇಜಿನ ಮೇಲೆ ಒಂದು ಖಾಲಿ ಸೇರು ಮತ್ತು ಅಕ್ಕಿಯ ಚೀಲ ಇಟ್ಟೆ. ಮಾತು ತೊದಲಬಹುದು ಎಂಬ ಭಯದಿಂದ ಮೊದಲು ಅಳೆದೆ. ಅಂಚಿಗೆ ಸಮವಾಗಿ ಒಂದು ಸೇರು, ತಲೆಗಟ್ಟಿ ಒಂದು ಸೇರು. ಎರಡನ್ನೂ ಎರಡು ತಟ್ಟೆಗೆ ಸುರಿದೆ. ಆಮೇಲೆ, "ಬೋರ್ಡಿನಲ್ಲಿರುವ ಚಾರ್ಟು ತಪ್ಪು. ಮಾಡಿದವಳು ನಾನು" ಎಂದೆ.

ನೀಲಗಂಗಮ್ಮನವರು ಬೀಸಣಿಗೆ ನಿಲ್ಲಿಸಿದರು. "ಅಂದ್ರೆ ಈ ಹದಿನೈದು ದಿನ ಗಂಗಾಧರಯ್ಯ ನಮಗೆ ಮೋಸ ಮಾಡಿದ ಅಂತಲಾ?"

"ಇಲ್ಲ. ಅಂಚಿನವರೆಗೆ ತುಂಬಿದರೂ ಅದು ಸೇರೇ. ಅವರು ತಪ್ಪು ಮಾಡಿಲ್ಲ. ಸೊಣ್ಣಮ್ಮನೂ ಮಾಡಿಲ್ಲ. ಎರಡು ಬೇರೆ ಅಳತೆಗಳನ್ನ ಒಂದೇ ಅಂತ ನಾನು ಬರೆದೆ."

"ಗಂಡಸರು ಅಂಗಡಿಗೆ ಹೋಗೋ ಮನೆ ಮಕ್ಕಳು ಹೀಗೇ ಆಗೋದು" ಎಂದು ಹಿಂದಿನಿಂದ ಯಾರೋ ಹೇಳಿದರು. ಕೆಲವರು ನಕ್ಕರು. ಅದು ನಿಜವೇ ಆಗಿತ್ತು. ನೀಲಗಂಗಮ್ಮನವರು ಎದ್ದು ಬೋರ್ಡಿನಿಂದ ಚಾರ್ಟನ್ನು ತಾವೇ ಕಿತ್ತು ಮಡಿಸಿ ನನ್ನ ಕೈಗೆ ಕೊಟ್ಟರು. "ಹೊಸದು ಬರೆದು ಕೊಡು. ಹೇಗೆ ಅಳೀತಾರೆ ಅನ್ನೋದಕ್ಕೂ ಒಂದು ಕಾಲಂ ಹಾಕು."

ಸಭೆ ಮುಗಿದಾಗ ಐದು ಜನ ಚೀಲ ಹಿಡಿದು ಬಡಾವಣೆಯ ಅಂಚಿನ ಕಡೆ ನಡೆದರು. ನಾನೂ ಸ್ವಲ್ಪ ಹಿಂದೆ ಹೋದೆ. ಒಂದು ಹೆದರಿಕೆ ಉಳಿದೇ ಇತ್ತು. ನಾನು ಹೇಳಿದ್ದು ತಲೆಗಟ್ಟಿದ ಸೇರಿನ ಮಾತು. ಸೊಣ್ಣಮ್ಮ ಈಗ ಎಂಬತ್ತಕ್ಕೆ ಸವರಿ ಅಳೆಯುತ್ತಿದ್ದಳು. ಇವರೆಲ್ಲ ಹೋಗಿ ಸವರಿದ ಸೇರು ಕಂಡರೆ ಎರಡನೆಯ ಸಲವೂ ನಾನು ಸುಳ್ಳು ಹೇಳಿದಂತಾಗುತ್ತಿತ್ತು. ಅವಳ ಅಂಗಡಿ ಅಲ್ಲಿಗೆ ಮುಗಿಯುತ್ತಿತ್ತು.

ಸೊಣ್ಣಮ್ಮ ಒಮ್ಮೆಗೇ ಐದು ಜನರನ್ನು ನೋಡಿ ಎದ್ದು ನಿಂತಳು. ಅವರ ಹಿಂದೆ ನಿಂತಿದ್ದ ನನ್ನನ್ನೂ ನೋಡಿದಳು.

"ಅಕ್ಕಿ ಎಷ್ಟಮ್ಮ?" ಎಂದರು ಮುಂದಿದ್ದವರು.

ಅವಳು ಕೋಲನ್ನು ಮೂಟೆಯ ಹಿಂದಕ್ಕೆ ಸರಿಸಿದಳು. "ಎಂಬತ್ನಾಕು."

"ಮೊನ್ನೆ ಎಂಬತ್ತು ಅಂದಿದ್ದೆಯಂತಲ್ಲ?"

"ಮೊನ್ನೆ ಸೇರೂ ಅಷ್ಟೇ ಇತ್ತು ತಾಯಿ. ಇವತ್ತಿಂದು ಹಿಂಗೆ" ಎಂದು ಸೇರನ್ನು ತುಂಬಿದಳು. ಅಕ್ಕಿ ಅಂಚು ದಾಟಿತು, ನಿಂತಿತು, ಸುತ್ತಲೂ ಜಾರಿತು. ಅವಳು ಅದನ್ನು ಹಾಗೇ ಎರಡು ಕೈಯಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ನಿಂತಳು.

ಇಬ್ಬರು ತಮ್ಮತಮ್ಮಲ್ಲೇ ಏನೋ ಲೆಕ್ಕ ಹಾಕಿ, ನಾಲ್ಕು ಪೈಸೆ ನಾಲ್ಕು ಪೈಸೆಯೇ ಎಂದು ಹಿಂತಿರುಗಿದರು. ಮೂವರು ಚೀಲದ ಬಾಯಿ ಬಿಡಿಸಿದರು. ಅಂಗಡಿಯ ಹಿಂದಿದ್ದ ಅವರ ಮನೆಯಿಂದ ಗಂಡಸಿನ ಕೆಮ್ಮು ಕೇಳಿತು. ಚಿಕ್ಕಬೈರಪ್ಪ ಹೆಗಲ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ಯಾರ ಮುಖವನ್ನೂ ನೋಡದೆ, ಹೆಂಡತಿಯ ಕೈಯಿಂದ ಸೇರು ಇಸಿದುಕೊಂಡು, "ಲಾಭ" ಎಂದು ಮೊದಲ ಚೀಲಕ್ಕೆ ಸುರಿದ.